ಮಣ್ಣಿನ ಆರೋಗ್ಯದ ಅಧ್ಯಯನಗಳಲ್ಲಿ ನಿಜವಾದ ರಿಸರ್ಚ್ ಗ್ಯಾಪ್ (ಸಂಶೋಧನೆ ಇನ್ನೂ ಉತ್ತರಿಸದ ಪ್ರಶ್ನೆ) ಯಾವುದು ಎಂದು ಗುರುತಿಸುವುದು ಹೇಗೆ?

ತೇವಾಂಶ (ಪ್ರಶ್ನೆ)

ಹೊದಿಕೆ ಬೆಳೆ, ಕಡಿಮೆ ಉಳುಮೆ, ಕಾಂಪೋಸ್ಟ್, ಬಯೋಚಾರ್ (ಮಣ್ಣಿಗೆ ಹಾಕುವ ಇದ್ದಿಲು), ಬೆಳೆ ಸರದಿ. ಈ ಐದು ಪದ್ಧತಿಗಳಿಂದ ಮಣ್ಣಿನ ಆರೋಗ್ಯ ಎಷ್ಟು ಸುಧಾರಿಸುತ್ತದೆ ಎಂಬ ಬಗ್ಗೆ ಸುಮಾರು 400 ಪೇಪರ್‌ಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿದ್ದೇನೆ. ಸಾಲುಗಳಲ್ಲಿ ಪದ್ಧತಿ, ಕಾಲಂಗಳಲ್ಲಿ ಸೂಚಕ: ಸಾವಯವ ಇಂಗಾಲ, ಬಲ್ಕ್ ಡೆನ್ಸಿಟಿ (ರಂಧ್ರಗಳೂ ಸೇರಿದ ಗಾತ್ರಕ್ಕೆ ಒಣ ಮಣ್ಣಿನ ತೂಕ), ಅಗ್ರಿಗೇಟ್ ಸ್ಥಿರತೆ (ಮಣ್ಣಿನ ಹರಳುಗಳು ಒಡೆಯದೆ ನಿಲ್ಲುವ ಶಕ್ತಿ), ನೀರು ಇಂಗುವಿಕೆ, ಸೂಕ್ಷ್ಮಾಣು ಉಸಿರಾಟ, ಲಭ್ಯ ರಂಜಕ, ಎರೆಹುಳು ಸಂಖ್ಯೆ. ಪ್ರತಿ ಮನೆಯಲ್ಲೂ (ಸೆಲ್) ಎಷ್ಟು ಪೇಪರ್ ಇವೆ ಎಂಬ ಎಣಿಕೆ ಇದೆ.

ಸಾವಯವ ಇಂಗಾಲದ ಕಾಲಂ ತುಂಬಿ ತುಳುಕುತ್ತಿದೆ. ಬಯೋಚಾರ್ ಮತ್ತು ಎರೆಹುಳು, ಬೆಳೆ ಸರದಿ ಮತ್ತು ನೀರು ಇಂಗುವಿಕೆ, ಇಂಥ ಮನೆಗಳು ಬಹುತೇಕ ಖಾಲಿ. ಖಾಲಿ ಇರುವುದನ್ನೆಲ್ಲ ಗ್ಯಾಪ್ ಎಂದು ಬರೆದುಬಿಟ್ಟರೆ ಪಟ್ಟಿ ಮೂರು ಪುಟ ದಾಟುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಮುಂದೆ ಮಾಡಬೇಕಾದ ಹೊಲದ ಪ್ರಯೋಗಕ್ಕೆ ಇದೇ ಪಟ್ಟಿ ಆಧಾರವಾಗಬೇಕಿದೆ. ಗ್ಯಾಪ್ ಯಾವುದು, ಬರೀ ಖಾಲಿ ಮನೆ ಯಾವುದು ಎಂದು ಬೇರ್ಪಡಿಸುವುದು ಹೇಗೆ? ಪೇಪರ್‌ಗಳಿಂದ ಇನ್ನೂ ಯಾವ ಮಾಹಿತಿ ತೆಗೆಯಬೇಕು?

ಜೇಡಿಕಣ

ಖಾಲಿ ಮನೆಗಿಂತ ಮೊದಲು ತುಂಬಿದ ಮನೆಯನ್ನೇ ಅನುಮಾನಿಸಿ. ಈ ವಿಷಯದಲ್ಲಿ ದೊಡ್ಡ ಗ್ಯಾಪ್‌ಗಳು ಇರುವುದು ಎಲ್ಲರೂ ಅಳೆದಿರುವ ಕಡೆಯೇ. ಅಳೆದಿದ್ದಾರೆ, ಆದರೆ ಪ್ರಶ್ನೆಗೆ ಉತ್ತರ ಸಿಗುವ ಹಾಗೆ ಅಳೆದಿಲ್ಲ. ಪೇಪರಿನ ಸಾರಾಂಶವನ್ನೋ ಕೊನೆಯ ಪ್ಯಾರಾವನ್ನೋ ಓದಿದರೆ ಇದು ಗೊತ್ತಾಗುವುದಿಲ್ಲ. ವಿಧಾನದ ಭಾಗವನ್ನು ಸಾಲು ಸಾಲಾಗಿ ಓದಬೇಕು.

ಮೊದಲು ಆಳ. ಉಳುಮೆ ನಿಲ್ಲಿಸಿದಾಗ ಕೂಳೆ, ತರಗು ಎಲ್ಲ ಮೇಲೆಯೇ ಉಳಿದು ಮೇಲಿನ 5-10 ಸೆಂ.ಮೀ.ನಲ್ಲಿ ಇಂಗಾಲ ಏರುತ್ತದೆ. ಉತ್ತ ತಾಕಿನಲ್ಲಿ ಅದೇ ಕಸ 20-25 ಸೆಂ.ಮೀ. ಕೆಳಗೆ ಹೂತುಹೋಗಿರುತ್ತದೆ. 15 ಸೆಂ.ಮೀ. ತನಕ ಮಾತ್ರ ಮಾದರಿ ತೆಗೆದರೆ ಶೂನ್ಯ ಉಳುಮೆಯೇ ಗೆದ್ದಂತೆ ಕಾಣುತ್ತದೆ. 60 ಸೆಂ.ಮೀ. ತನಕ ಇಳಿದ ಹಲವು ಪ್ರಯೋಗಗಳಲ್ಲಿ ಆ ವ್ಯತ್ಯಾಸ ತುಂಬ ಕಡಿಮೆಯಾಗಿದೆ, ಕೆಲವು ಕಡೆ ಉಳಿದೇ ಇಲ್ಲ. ಒಂದು ಮೀಟರ್ ಆಳದ ಮಣ್ಣಿನಲ್ಲಿರುವ ಇಂಗಾಲದಲ್ಲಿ ಹೆಚ್ಚೂಕಡಿಮೆ ಅರ್ಧ ಪಾಲು 30 ಸೆಂ.ಮೀ.ಗಿಂತ ಕೆಳಗಿದೆ. ಹಾಗಾಗಿ 'ಕಡಿಮೆ ಉಳುಮೆ × ಇಂಗಾಲ' ಮನೆಯನ್ನು 0-15, 15-30, 30-60, 60-100 ಎಂದು ನಾಲ್ಕಾಗಿ ಒಡೆಯಿರಿ. ತುಂಬಿದಂತೆ ಕಂಡ ಮನೆ ಎಷ್ಟು ಬರಿದು ಎಂಬುದು ಆಗಲೇ ತಿಳಿಯುತ್ತದೆ.

ಎರಡನೆಯದು ಬಲ್ಕ್ ಡೆನ್ಸಿಟಿ. ಇಲ್ಲಿ ಆಗುವ ತಪ್ಪು ಲೆಕ್ಕ ಹಾಕಿ ನೋಡಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಇಂಗಾಲ 1%, ಆಳ 30 ಸೆಂ.ಮೀ., ಡೆನ್ಸಿಟಿ ಘನ ಸೆಂ.ಮೀ.ಗೆ 1.20 ಗ್ರಾಂ ಇದ್ದರೆ ಹೆಕ್ಟೇರಿಗೆ 36 ಟನ್ ಇಂಗಾಲ. ಅದೇ ಮಣ್ಣು ಯಂತ್ರದ ತುಳಿತಕ್ಕೆ ಗಟ್ಟಿಯಾಗಿ 1.35ಕ್ಕೆ ಏರಿತು, ಶೇಕಡಾವಾರು ಮಾತ್ರ 1ರಲ್ಲೇ ಇದೆ ಎಂದುಕೊಳ್ಳಿ. ಲೆಕ್ಕ 40.5 ಟನ್ ತೋರಿಸುತ್ತದೆ! ಮಣ್ಣು ಕೆಟ್ಟಿದ್ದಕ್ಕೆ 4.5 ಟನ್ ಇಂಗಾಲ 'ಹೆಚ್ಚಾಯಿತು'. ಇದನ್ನು ತಪ್ಪಿಸಲು ಸಮ ಆಳದ ಬದಲು ಸಮ ಮಣ್ಣಿನ ತೂಕಕ್ಕೆ ಹೋಲಿಸಬೇಕು. ಮೊದಲ ತಾಕಿನಲ್ಲಿ 30 ಸೆಂ.ಮೀ. ಅಂದರೆ ಹೆಕ್ಟೇರಿಗೆ 3,600 ಟನ್ ಮಣ್ಣು. ಗಟ್ಟಿಯಾದ ತಾಕಿನಲ್ಲಿ ಅಷ್ಟೇ ಮಣ್ಣು 26.7 ಸೆಂ.ಮೀ.ಗೇ ಸಿಗುತ್ತದೆ, ಅಲ್ಲಿಯ ತನಕ ಮಾತ್ರ ಲೆಕ್ಕ ಹಾಕಬೇಕು. 'ಡೆನ್ಸಿಟಿ ಅಳೆದಿದ್ದಾರೆಯೇ, ಅಂದಾಜು ಸೂತ್ರದಿಂದ ತೆಗೆದಿದ್ದಾರೆಯೇ, 2 ಮಿ.ಮೀ. ಮೇಲಿನ ಕಲ್ಲಿನ ತೂಕ ಮತ್ತು ಗಾತ್ರವನ್ನು ಕಳೆದಿದ್ದಾರೆಯೇ' ಎಂಬುದಕ್ಕೆ ಒಂದು ಕಾಲಂ ಇಡಿ.

ಮೂರನೆಯದು ತಾಕುಗಳ ಸಂಖ್ಯೆ ಮತ್ತು ವರ್ಷ. ಎರಡು ಉಪಚಾರಗಳ (ಹೋಲಿಸುವ ಪದ್ಧತಿಗಳ) ನಡುವಿನ ವ್ಯತ್ಯಾಸವನ್ನು 5% ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ), 80% ಪವರ್‌ನಿಂದ (ಇರುವ ವ್ಯತ್ಯಾಸ ಸಿಗುವ ಸಾಧ್ಯತೆ) ಹಿಡಿಯಲು ಪ್ರತಿ ಉಪಚಾರಕ್ಕೆ ಬೇಕಾಗುವ ತಾಕುಗಳು ಸ್ಥೂಲವಾಗಿ ಹೀಗೆ:

16 × (ಸಿವಿ ÷ ಹಿಡಿಯಬೇಕಾದ ವ್ಯತ್ಯಾಸ)², ಎರಡೂ ಶೇಕಡಾದಲ್ಲಿ. ಸಿವಿ ಅಂದರೆ ತಾಕಿನಿಂದ ತಾಕಿಗೆ ಇರುವ ಏರಿಳಿತ, ಸರಾಸರಿಯ ಶೇಕಡಾ ಲೆಕ್ಕದಲ್ಲಿ.

ಇಂಗಾಲದ ಸಿವಿ 15% ಇದ್ದು 10% ವ್ಯತ್ಯಾಸ ಹಿಡಿಯಬೇಕಾದರೆ 36 ತಾಕು ಬೇಕು. ಸಾಮಾನ್ಯವಾಗಿ ಇರುವುದು 3 ಅಥವಾ 4. ನಾಲ್ಕು ತಾಕಿನಲ್ಲಿ ಕನಿಷ್ಠ 30% ವ್ಯತ್ಯಾಸ ಇದ್ದರೆ ಮಾತ್ರ ಅದು ಸಿಕ್ಕಿಬೀಳುವ ಭರವಸೆ ಇರುತ್ತದೆ. ಬ್ಲಾಕ್ ಮಾಡುವುದರಿಂದ (ಒಂದೇ ತರದ ತಾಕುಗಳನ್ನು ಗುಂಪು ಮಾಡುವುದು), ಶುರುವಿನ ಅಳತೆಯನ್ನು ವಿಶ್ಲೇಷಣೆಗೆ ಸೇರಿಸುವುದರಿಂದ ಈ ಸಂಖ್ಯೆ ಇಳಿಯುತ್ತದೆ, ಆದರೂ 36 ಇದ್ದದ್ದು 4 ಆಗುವುದಿಲ್ಲ. ಇದರ ಪಕ್ಕದಲ್ಲಿ ಬದಲಾವಣೆಯ ವೇಗವನ್ನು ಇಟ್ಟು ನೋಡಿ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದ ವೇಳೆ ಶುರುವಾದ 'ಸಾವಿರಕ್ಕೆ 4' ಉಪಕ್ರಮದ ಆಶಯವೇ ವರ್ಷಕ್ಕೆ 0.4% ಏರಿಕೆ. ಆ ಗುರಿ ಪೂರ್ತಿ ಈಡೇರಿದರೂ ಮೂರು ವರ್ಷಕ್ಕೆ 1.2%. ಹತ್ತು ಶೇಕಡಾ ಮುಟ್ಟಲು ಸುಮಾರು 24 ವರ್ಷ. ಮೂರು ವರ್ಷ, ನಾಲ್ಕು ತಾಕಿನ ಪ್ರಯೋಗ 'ಪರಿಣಾಮ ಇಲ್ಲ' ಅಂದರೆ ಅದು ಪುರಾವೆಯೇ ಅಲ್ಲ. ಅದೇ ಪ್ರಯೋಗ 'ಮೂರು ವರ್ಷಕ್ಕೆ 25% ಏರಿತು' ಅಂದರೆ, ಸೋಸದೇ ಉಳಿದ ಬೇರು, ಹೊರಗಿನಿಂದ ತಂದು ಸುರಿದ ಕಾಂಪೋಸ್ಟಿನದೇ ಇಂಗಾಲ, ಬರೀ 5 ಸೆಂ.ಮೀ. ಮಾದರಿ, ಈ ಮೂರರಲ್ಲಿ ಯಾವುದಾದರೂ ಇದೆಯೇ ನೋಡಿ.

ಇನ್ನೊಂದು ಮಾತು: ಒಂದೇ ತಾಕಿನಿಂದ ತೆಗೆದ 10 ಕೊಳವೆ ಮಣ್ಣನ್ನು 10 ಪುನರಾವರ್ತನೆ ಎಂದು ಎಣಿಸಿರುವ ಪೇಪರ್‌ಗಳಿವೆ. ಅದು n (ಪುನರಾವರ್ತನೆಗಳ ಸಂಖ್ಯೆ) = 1. ಅಂಥವನ್ನು ಬೇರೆ ಬಣ್ಣದಲ್ಲಿ ಗುರುತು ಹಾಕಿ.

ಕಡತಸಾಲು

ಮೇಲಿನ ಉತ್ತರ ಅಳತೆಯ ಕಡೆಯದು. ಹುಡುಕಾಟದ ಕಡೆಯಿಂದ ಕೆಲವು ಮಾತು, ಯಾಕೆಂದರೆ ಎಷ್ಟೋ ಖಾಲಿ ಮನೆಗಳು ಹುಡುಕಿದ ಪದದ ತಪ್ಪಿನಿಂದ ಖಾಲಿ ಉಳಿದಿರುತ್ತವೆ.

'ಸಾಯಿಲ್ ಹೆಲ್ತ್' ಎಂಬ ಮಾತು ಪೇಪರ್‌ಗಳ ಶೀರ್ಷಿಕೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಈಚೆಗೆ. 1990ರ ದಶಕದಲ್ಲಿ ಇದೇ ಕೆಲಸ 'ಸಾಯಿಲ್ ಕ್ವಾಲಿಟಿ' ಹೆಸರಿನಲ್ಲಿ ನಡೆಯಿತು. ಅದಕ್ಕೂ ಹಿಂದಿನದು 'ಟಿಲ್ತ್', 'ಫರ್ಟಿಲಿಟಿ', 'ಸಾಯಿಲ್ ಸ್ಟ್ರಕ್ಚರ್' ಅಡಿಯಲ್ಲಿದೆ. ಬಯೋಚಾರ್ ಹುಡುಕುವಾಗ 'ಚಾರ್ಕೋಲ್', 'ಬ್ಲ್ಯಾಕ್ ಕಾರ್ಬನ್' ಬಿಟ್ಟರೆ, ಹೊದಿಕೆ ಬೆಳೆ ಹುಡುಕುವಾಗ 'ಗ್ರೀನ್ ಮ್ಯಾನ್ಯೂರ್', 'ಕ್ಯಾಚ್ ಕ್ರಾಪ್' ಬಿಟ್ಟರೆ ದಶಕಗಳ ಕೆಲಸವೇ ಕೈತಪ್ಪುತ್ತದೆ. ಪರೀಕ್ಷೆಗೆ ಸುಲಭದ ದಾರಿ: ಖಂಡಿತ ಸಿಗಲೇಬೇಕಾದ 15-20 ಪೇಪರ್‌ಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ನಿಮ್ಮ ಹುಡುಕುಪದಕ್ಕೆ ಅವೆಲ್ಲ ಬಂದವೇ ನೋಡಿ. ಎರಡು ತಪ್ಪಿಸಿಕೊಂಡರೂ ಅವುಗಳ ಶೀರ್ಷಿಕೆ ಮತ್ತು ಕೀವರ್ಡ್ ಓದಿ, ಬಿಟ್ಟುಹೋದ ಪದ ಸೇರಿಸಿ ಮತ್ತೆ ಹುಡುಕಿ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಎರಡು ಪೇಪರ್ ಸೂಚಿಗಳಲ್ಲೂ ಹುಡುಕಿದ ಮೇಲೂ ಪಿಎಚ್‌ಡಿ ಪ್ರಬಂಧಗಳು, ಸಂಶೋಧನಾ ಕೇಂದ್ರಗಳ ವಾರ್ಷಿಕ ವರದಿಗಳು ಹೊರಗೇ ಉಳಿಯುತ್ತವೆ. 'ವ್ಯತ್ಯಾಸ ಕಾಣಲಿಲ್ಲ' ಎಂಬ ಫಲಿತಾಂಶಗಳು ಹೆಚ್ಚಾಗಿ ಕೂತಿರುವುದು ಅಲ್ಲೇ. ಅವನ್ನು ಬಿಟ್ಟರೆ ನಿಮ್ಮ ತುಂಬಿದ ಮನೆಗಳು ಒಂದೇ ಕಡೆ ವಾಲುತ್ತವೆ.

ಆಯ್ಕೆಯ ಹಂತದಲ್ಲಿ ಮೊದಲ 10% ಪೇಪರ್‌ಗಳನ್ನು ಇಬ್ಬರು ಪರಸ್ಪರ ನೋಡದೆ ವಿಂಗಡಿಸಲಿ. ಕಪ್ಪಾ ಮೌಲ್ಯ (ಇಬ್ಬರ ಒಪ್ಪಿಗೆಯ ಅಳತೆ) 0.6ಕ್ಕಿಂತ ಕೆಳಗೆ ಬಂದರೆ ಆಯ್ಕೆಯ ನಿಯಮವೇ ಅಸ್ಪಷ್ಟ ಎಂದರ್ಥ. ನಿಯಮ ತಿದ್ದಿ ಮತ್ತೆ ಶುರುಮಾಡಿ, ಹಾಗೇ ಮುಂದುವರಿಯಬೇಡಿ.

ಎಣಿಸುವಾಗ ಪೇಪರ್ ಎಣಿಸಬೇಡಿ, ಪ್ರಯೋಗ ಎಣಿಸಿ. ದೀರ್ಘಾವಧಿಯ ಒಂದೇ ಹೊಲದಿಂದ 12 ಪೇಪರ್ ಬಂದಿರಬಹುದು. ಆಗ ಮನೆಯಲ್ಲಿ 12 ಎಂದು ಕಾಣುವುದು ವಾಸ್ತವದಲ್ಲಿ ಒಂದೇ ಮಣ್ಣು, ಒಂದೇ ಹವೆ. ಪ್ರಯೋಗದ ಜಾಗ, ಶುರುವಾದ ವರ್ಷ, ಉಪಚಾರಗಳ ಪಟ್ಟಿ, ಈ ಮೂರನ್ನು ಸೇರಿಸಿ ಒಂದು ಗುರುತುಸಂಖ್ಯೆ ಕೊಟ್ಟರೆ ನಕಲುಗಳು ಬೇಗ ಸಿಗುತ್ತವೆ.

ಮೆಟಾ ಅನಾಲಿಸಿಸ್ (ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸುವುದು) ಮಾಡುವ ಯೋಚನೆ ಇದ್ದರೆ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂಕಿಗಳ ಹರಡುವಿಕೆ) ಬೇಕು, ಎಷ್ಟೋ ಪೇಪರ್‌ಗಳು ಅದನ್ನು ಕೊಡುವುದಿಲ್ಲ. ಸ್ಟ್ಯಾಂಡರ್ಡ್ ಎರರ್ ಇದ್ದರೆ n ನ ವರ್ಗಮೂಲದಿಂದ ಗುಣಿಸಿ. ಎಲ್‌ಎಸ್‌ಡಿ (ಎರಡು ಸರಾಸರಿಗಳು ಬೇರೆ ಎನ್ನಲು ಬೇಕಾದ ಕನಿಷ್ಠ ವ್ಯತ್ಯಾಸ) ಮಾತ್ರ ಇದ್ದರೆ ಅದನ್ನು ಟಿ ಮೌಲ್ಯದಿಂದ ಭಾಗಿಸಿ, n/2 ರ ವರ್ಗಮೂಲದಿಂದ ಗುಣಿಸಿ. ಯಾವುದು ಯಾವುದಕ್ಕಿಂತ ಬೇರೆ ಎಂದು ತೋರಿಸುವ ಎ, ಬಿ, ಸಿ ಅಕ್ಷರಗಳಷ್ಟೇ ಇದ್ದರೆ ಬರೆದವರಿಗೇ ಪತ್ರ ಹಾಕಬೇಕು.

ಖಾಲಿ ಮನೆಗಳ ವಿಷಯ: 'ಹೀಗಾಗಲು ಭೌತಿಕವಾದ ದಾರಿ ಏನಾದರೂ ಇದೆಯೇ?' ಎಂದು ಪ್ರತಿ ಮನೆಗೂ ಕೇಳಿ. ಬೆಳೆ ಸರದಿಯಿಂದ ನೀರು ಇಂಗುವಿಕೆ ಬದಲಾಗಲು ದಾರಿ ಇದೆ: ಆಳ ಬೇರಿನ ಬೆಳೆ ಸತ್ತ ಮೇಲೆ ಉಳಿಯುವ ಬೇರಿನ ರಂಧ್ರಗಳು. ಅದು ಗ್ಯಾಪ್. ದಾರಿಯೇ ಕಾಣದ ಜೋಡಿಗಳನ್ನು ಬಿಟ್ಟುಬಿಡಿ.

ತೇವಾಂಶ

ಆಳ, ಡೆನ್ಸಿಟಿ, ತಾಕು ಸಂಖ್ಯೆ, ಪ್ರಯೋಗದ ಗುರುತುಸಂಖ್ಯೆ, ನಾಲ್ಕನ್ನೂ ಸೇರಿಸುತ್ತೇನೆ. ಜೈವಿಕ ಸೂಚಕಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ಹೆಸರಿನ ಪರೀಕ್ಷೆಯ ಅಂಕಿಗಳು ಪೇಪರಿನಿಂದ ಪೇಪರಿಗೆ ಎರಡು ಮೂರು ಪಟ್ಟು ಬೇರೆ ಇವೆ. ಇದು ಮಣ್ಣಿನ ವ್ಯತ್ಯಾಸವೋ ಲ್ಯಾಬಿನದೋ ಎಂದು ತಿಳಿಯುವುದು ಹೇಗೆ? ಸಾವಯವ ಇಂಗಾಲಕ್ಕೂ ಈ ತೊಂದರೆ ಇದೆಯೇ?

ಕಲ್ಚರ್‌ತಟ್ಟೆ

ಇಂಗಾಲಕ್ಕೂ ಇದೆ. ವಾಕ್ಲಿ-ಬ್ಲ್ಯಾಕ್ (1934) ವಿಧಾನದಲ್ಲಿ ಡೈಕ್ರೋಮೇಟ್ ಎಂಬ ರಾಸಾಯನಿಕ ಎಲ್ಲ ಇಂಗಾಲವನ್ನೂ ಸುಡುವುದಿಲ್ಲ. 77% ಸುಡುತ್ತದೆ ಎಂದು ಭಾವಿಸಿ 1.3ರಿಂದ ಗುಣಿಸುತ್ತಾರೆ, ಆದರೆ ಆ ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ. ಚೌಳು ಮಣ್ಣಿನ ಕ್ಲೋರೈಡ್ ಡೈಕ್ರೋಮೇಟನ್ನು ತಿಂದು ಇಂಗಾಲವನ್ನು ಹೆಚ್ಚು ತೋರಿಸುತ್ತದೆ. ಬಯೋಚಾರ್ ಹಾಕಿದ ಮಣ್ಣಿನಲ್ಲಿ ಇದ್ದಿಲಿನ ಇಂಗಾಲ ಅರೆಬರೆ ಮಾತ್ರ ಸುಡುತ್ತದೆ. ಆ ಸಾಲಿನಲ್ಲಿ ವಾಕ್ಲಿ-ಬ್ಲ್ಯಾಕ್ ಬಳಸಿದ ಪೇಪರ್‌ಗಳನ್ನು ಪಕ್ಕಕ್ಕಿಡಿ. ಒಣ ದಹನದ ಯಂತ್ರ ಎಲ್ಲವನ್ನೂ ಸುಡುತ್ತದೆ, ಸುಣ್ಣದ ಇಂಗಾಲವನ್ನೂ ಸೇರಿಸಿ. ಸುಣ್ಣದಂಶದ ಮಣ್ಣಿನಲ್ಲಿ ಅದನ್ನು ಕಳೆದಿದ್ದಾರೆಯೇ ನೋಡಿ. ಕೆಲವರು ಇಂಗಾಲದ ಬದಲು ಸಾವಯವ ಪದಾರ್ಥ ಕೊಡುತ್ತಾರೆ: 1.724ರ ಗುಣಕ ಬಳಸಿದ್ದರೆ 2% ಪದಾರ್ಥ ಅಂದರೆ 1.16% ಇಂಗಾಲ, 2ರ ಗುಣಕ ಬಳಸಿದ್ದರೆ 1%. ಇಷ್ಟು ವ್ಯತ್ಯಾಸ ಬರೀ ಲೆಕ್ಕದ್ದು.

ಜೈವಿಕ ಪರೀಕ್ಷೆಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಉಸಿರಾಟವನ್ನೇ ತೆಗೆದುಕೊಳ್ಳಿ. ಒಣಗಿಸಿದ ಮಣ್ಣಿಗೆ ನೀರು ಕೊಟ್ಟು 24 ಗಂಟೆಯಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುತ್ತಾರೆ. ಮಣ್ಣನ್ನು ನೆರಳಲ್ಲಿ ಒಣಗಿಸಿದರೋ ಓವನ್ನಿನಲ್ಲೋ, 2 ಮಿ.ಮೀ. ಜರಡಿಯೋ 8 ಮಿ.ಮೀ. ಜರಡಿಯೋ, ನೀರು ಕೆಳಗಿನಿಂದ ಹೀರಿಕೊಂಡಿತೋ ಮೇಲಿಂದ ಸುರಿದರೋ, ಒಂದೊಂದೂ ಅಂಕಿಯನ್ನು ಬದಲಿಸುತ್ತದೆ. ನೀರು ಅತಿಯಾದರೆ ಗಾಳಿ ಆಡದೆ ಉಸಿರಾಟ ಕುಗ್ಗುತ್ತದೆ. ಜೇಡಿ ಮಣ್ಣಿನಲ್ಲಿ ಇದು ಬೇಗ ಆಗುತ್ತದೆ, ಆಗ ಒಳ್ಳೆಯ ಜೇಡಿ ಮಣ್ಣು ಕೂಡ 'ನಿರ್ಜೀವ' ಎಂದು ಅಂಕ ಪಡೆಯುತ್ತದೆ.

ಪರ್ಮಾಂಗನೇಟ್ ಎಂಬ ನೇರಳೆ ರಾಸಾಯನಿಕದ ಜೊತೆ ವರ್ತಿಸುವ ಇಂಗಾಲದ ಪರೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ. ಸಾಮಾನ್ಯ ಕ್ರಮ: 2.5 ಗ್ರಾಂ ಒಣ ಮಣ್ಣು, 0.02 ಮೋಲಾರ್ ದ್ರಾವಣ 20 ಮಿ.ಲೀ., 2 ನಿಮಿಷ ಅಲುಗಾಡಿಸಿ, 10 ನಿಮಿಷ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು 100 ಪಟ್ಟು ತೆಳು ಮಾಡಿ 550 ನ್ಯಾನೋಮೀಟರ್‌ನಲ್ಲಿ ಓದುವುದು. ಹತ್ತು ನಿಮಿಷ ಹದಿನೈದಾದರೆ ಅಂಕಿ ಏರುತ್ತದೆ, ಆದ್ದರಿಂದ ಒಂದು ಸರದಿಗೆ ಹತ್ತು ಸೀಸೆಗಿಂತ ಹೆಚ್ಚು ಹಿಡಿಯಬಾರದು. ಇಂಗಾಲ ಹೆಚ್ಚಿರುವ ಮಣ್ಣಿನಲ್ಲಿ ಪರ್ಮಾಂಗನೇಟ್ ಪೂರ್ತಿ ಖರ್ಚಾಗಿ ಅಂಕಿ ಮೇಲ್ಮಿತಿಗೆ ಬಡಿಯುತ್ತದೆ. ಮಣ್ಣು ಕಡಿಮೆ ಹಾಕಿದರೆ ಗ್ರಾಂ ಲೆಕ್ಕದ ಅಂಕಿಯೇ ಬೇರೆಯಾಗುತ್ತದೆ. ಹಾಗಾಗಿ ಎಷ್ಟು ಗ್ರಾಂ ಬಳಸಿದರು ಎಂಬುದಿಲ್ಲದ ಪೇಪರನ್ನು ಇನ್ನೊಂದರ ಜೊತೆ ಹೋಲಿಸಲು ಆಗದು. ಕ್ಲೋರೋಫಾರ್ಮ್‌ನಿಂದ ಸೂಕ್ಷ್ಮಾಣುಗಳನ್ನು ಕೊಂದು, ಹೊರಬಂದ ಇಂಗಾಲದಿಂದ ಅವುಗಳ ಜೀವರಾಶಿ ಲೆಕ್ಕ ಹಾಕುವಾಗ ಕೆಲವರು 0.45, ಕೆಲವರು 0.38 ಭಾಜಕ ಬಳಸುತ್ತಾರೆ. ಅದೊಂದರಿಂದಲೇ 18% ವ್ಯತ್ಯಾಸ. ಕಿಣ್ವ ಪರೀಕ್ಷೆ 37 ಡಿಗ್ರಿಯಲ್ಲಿ, ಬೇಕಾದಷ್ಟು ಆಹಾರ ಕೊಟ್ಟು ಅಳೆಯುವ ಸಾಮರ್ಥ್ಯ. ಹೊಲದಲ್ಲಿ ಆ ಹೊತ್ತು ನಡೆಯುತ್ತಿರುವ ಕೆಲಸವಲ್ಲ. ಡಿಎನ್‌ಎ ಓದಿದರೆ ಯಾರಿದ್ದಾರೆ ಎಂದು ತಿಳಿಯುತ್ತದೆ, ಏನು ಮಾಡುತ್ತಿದ್ದಾರೆ ಎಂದಲ್ಲ. ಸತ್ತ ಜೀವಿಗಳ ಡಿಎನ್‌ಎ ಕೂಡ ಅದರಲ್ಲಿ ಸೇರಿರುತ್ತದೆ.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಗ್ಯಾಪ್ ಒಂದೇ: ಎಷ್ಟಿದ್ದರೆ ಸಾಕು? ಉಸಿರಾಟ ಇಷ್ಟು ಏರಿದರೆ ಇಳುವರಿಯೋ, ಬರ ತಡೆಯುವ ಶಕ್ತಿಯೋ, ಗೊಬ್ಬರದ ಉಳಿತಾಯವೋ ಎಷ್ಟು ಬದಲಾಗುತ್ತದೆ ಎಂಬ ಕೊಂಡಿಯನ್ನು ಮಣ್ಣಿನ ಪ್ರಕಾರಕ್ಕೆ ತಕ್ಕಂತೆ ಹೊಲದಲ್ಲಿ ಪರೀಕ್ಷಿಸಿದ್ದು ತೀರಾ ಕಡಿಮೆ. ರಂಜಕಕ್ಕೆ ಅಂಥ ಮಿತಿಗಳನ್ನು ದಶಕಗಳ ಗೊಬ್ಬರ ಪ್ರಯೋಗಗಳಿಂದ ಕಟ್ಟಿದ್ದಾರೆ. ಜೈವಿಕ ಸೂಚಕಗಳಿಗೆ ಆ ಕೆಲಸ ಇನ್ನೂ ಆಗಬೇಕು.

ಸೂಕ್ಷ್ಮಾಣು ಗೊಬ್ಬರದ ಸಾಲನ್ನು ಮುಂದೆ ಸೇರಿಸುವುದಾದರೆ ಹೋಲಿಕೆ ತಾಕು ಏನಿತ್ತು ಎಂಬ ಕಾಲಂ ಕಡ್ಡಾಯ. ಏನೂ ಹಾಕದ ತಾಕಿನ ಜೊತೆಗೆ, 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ ಕೊಂದ ಅದೇ ಗೊಬ್ಬರ ಹಾಕಿದ ತಾಕೂ ಇರಬೇಕು. ಇಲ್ಲದಿದ್ದರೆ ಕೆಲಸ ಮಾಡಿದ್ದು ಜೀವಿಯೋ, ಅದನ್ನು ಹೊತ್ತು ತಂದ ಪುಡಿಯ ಪೋಷಕಾಂಶವೋ ಗೊತ್ತಾಗುವುದಿಲ್ಲ.

ಜರಡಿ53

ಜೇಡಿಕಣ ಅವರ ಒಂದು ಮಾತಿಗೆ ನನ್ನ ಒಪ್ಪಿಗೆ ಅರ್ಧ. ಮೂರು ವರ್ಷದ ಪ್ರಯೋಗಗಳನ್ನೆಲ್ಲ ಪುರಾವೆ ಅಲ್ಲ ಎಂದು ತಳ್ಳಿದರೆ ಉಳಿಯುವುದು ಬೆರಳೆಣಿಕೆ. ಒಟ್ಟು ಇಂಗಾಲ ನಿಧಾನ ನಿಜ, ಆದರೆ ಅದರೊಳಗಿನ ಒಂದು ಪಾಲು ಬೇಗ ಓಡಾಡುತ್ತದೆ. 10 ಗ್ರಾಂ ಮಣ್ಣಿಗೆ ಲೀಟರಿಗೆ 5 ಗ್ರಾಂ ಪ್ರಮಾಣದ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣ 30 ಮಿ.ಲೀ. ಹಾಕಿ, ಸುಮಾರು 18 ಗಂಟೆ ಅಲುಗಾಡಿಸಿ, 53 ಮೈಕ್ರಾನ್ ಜರಡಿಯಲ್ಲಿ ತೊಳೆಯಿರಿ. ಜರಡಿ ಮೇಲೆ ಮರಳಿನ ಜೊತೆ ಉಳಿಯುವ ಕಸದ ಚೂರಿನ ಇಂಗಾಲ ಪದ್ಧತಿ ಬದಲಾದ ಕೆಲವೇ ವರ್ಷಗಳಲ್ಲಿ ಏರಿಳಿಯುತ್ತದೆ. ಕೆಳಗೆ ಇಳಿದದ್ದು ಜೇಡಿ, ರೇವೆ ಕಣಗಳಿಗೆ ಅಂಟಿದ ಇಂಗಾಲ. ನಿಧಾನ, ಬಾಳಿಕೆ ಹೆಚ್ಚು. ಮೂರು ವರ್ಷದ ಪ್ರಯೋಗ ಈ ಎರಡನ್ನೂ ಬೇರ್ಪಡಿಸಿ ಅಳೆದಿದ್ದರೆ ಅದಕ್ಕೆ ಬೆಲೆ ಇದೆ. 'ಉಪಚಾರದ ಮೊದಲ ವರ್ಷಗಳಲ್ಲಿ ಏರಿದ ಕಸದ ಪಾಲಿನಲ್ಲಿ ಎಷ್ಟು ಕಣಕ್ಕಂಟಿದ ಪಾಲಾಗುತ್ತದೆ, 30 ಸೆಂ.ಮೀ. ಕೆಳಗೂ ಆಗುತ್ತದೆಯೇ' ಎಂಬುದೇ ನಿಮ್ಮ ಪಟ್ಟಿಯಲ್ಲಿ ಇರಬೇಕಾದ ಗ್ಯಾಪ್.

ತೊಳೆಯುವಾಗ ಒಂದು ಎಚ್ಚರ: ಕೆಳಗೆ ಬರುವ ನೀರು ತಿಳಿಯಾಗುವ ತನಕ ನಿಲ್ಲಿಸಬೇಡಿ. ಜೇಡಿ ಉಂಡೆಗಳು ಒಡೆಯದೆ ಮೇಲೆ ಉಳಿದರೆ ಬಾಳಿಕೆಯ ಇಂಗಾಲ ಕಸದ ಲೆಕ್ಕಕ್ಕೆ ಬೀಳುತ್ತದೆ. ಎರಡು ಪಾಲುಗಳ ತೂಕ ಸೇರಿಸಿದಾಗ ಮೂಲ ತೂಕದ 95%ಕ್ಕಿಂತ ಕಡಿಮೆ ಬಂದ ಮಾದರಿಯನ್ನು ಮತ್ತೆ ಮಾಡಿ.

ಜೇಡಿಕಣ

ಜರಡಿ53 ಹೇಳಿದ್ದು ಸರಿ, ನನ್ನ ಮಾತನ್ನು ಒಟ್ಟು ಇಂಗಾಲಕ್ಕೆ ಮಾತ್ರ ಸೀಮಿತ ಮಾಡಿಕೊಳ್ಳಿ.

ಈಗ ಆದ್ಯತೆಯ ಪ್ರಶ್ನೆ. ಪ್ರತಿ ಗ್ಯಾಪ್ ಮುಂದೆ ಬರೆಯಿರಿ: ಉತ್ತರ 'ಹೌದು' ಬಂದರೆ ಬೇಸಾಯ ಮಾಡುವವರು ಏನು ಬದಲಿಸುತ್ತಾರೆ, 'ಇಲ್ಲ' ಬಂದರೆ ಏನು ಬದಲಿಸುತ್ತಾರೆ? ಎರಡಕ್ಕೂ ಒಂದೇ ಉತ್ತರವಾದರೆ ಅದು ಪಟ್ಟಿಯ ತಳಕ್ಕೆ ಹೋಗಲಿ. ಈ ಕಾಲಂ ತುಂಬುವಾಗ ಬೇಸಾಯಗಾರರನ್ನೂ ಕೂರಿಸಿಕೊಳ್ಳಿ. ಹೊದಿಕೆ ಬೆಳೆ ಮುಂದಿನ ಬೆಳೆಯ ನೀರು ಕುಡಿಯುತ್ತದೆಯೇ ಎಂಬುದು ಅವರು ಕೇಳುವ ಮೊದಲ ಪ್ರಶ್ನೆ. ಪೇಪರ್‌ಗಳಲ್ಲಿ ಇಂಗಾಲ ಅಳೆದಷ್ಟು ಬಾರಿ ಆ ತೇವಾಂಶ ಅಳೆದಿರುವುದಿಲ್ಲ.

ಬರೆಯುವ ರೀತಿಯೂ ಮುಖ್ಯ. 'ಹೊದಿಕೆ ಬೆಳೆಗಳ ಬಗ್ಗೆ ಹೆಚ್ಚಿನ ಸಂಶೋಧನೆ ಅಗತ್ಯ' ಎಂಬ ಸಾಲಿನಿಂದ ಯಾವ ಪ್ರಯೋಗವೂ ಹುಟ್ಟುವುದಿಲ್ಲ. ಹೀಗೆ ಬರೆದರೆ ಹುಟ್ಟುತ್ತದೆ: 'ಜೇಡಿ 35% ದಾಟಿದ ಮಳೆಯಾಶ್ರಿತ ಮಣ್ಣಿನಲ್ಲಿ ಹೊದಿಕೆ ಬೆಳೆಯನ್ನು ಬಿತ್ತನೆಗೆ ಎಷ್ಟು ವಾರ ಮುಂಚೆ ಮಲಗಿಸಿ ಕೊನೆಗೊಳಿಸಬೇಕು ಎಂದು ತಿಳಿಯಲು, 0-60 ಸೆಂ.ಮೀ. ತೇವಾಂಶ, ಅಗ್ರಿಗೇಟ್ ಸ್ಥಿರತೆ ಮತ್ತು ಇಳುವರಿ ಮೂರನ್ನೂ ಒಂದೇ ತಾಕಿನಲ್ಲಿ 5 ವರ್ಷಕ್ಕೂ ಹೆಚ್ಚು ಅಳೆದ ದತ್ತಾಂಶ ನಮ್ಮ ಹುಡುಕಾಟದಲ್ಲಿ ಸಿಗಲಿಲ್ಲ.' ಮಣ್ಣು, ಪದ್ಧತಿ, ಅಳತೆ, ಆಳ, ಅವಧಿ ಎಲ್ಲ ಅದರಲ್ಲೇ ಇದೆ. 'ಎಲ್ಲೂ ಇಲ್ಲ' ಎನ್ನಬೇಡಿ, 'ನಮ್ಮ ಹುಡುಕಾಟದಲ್ಲಿ' ಎನ್ನಿ, ಹುಡುಕಿದ ತಿಂಗಳು ಹಾಕಿ.

ಪ್ರಯೋಗ ಶುರುಮಾಡುವ ದಿನ, ಉಪಚಾರ ಕೊಡುವ ಮೊದಲೇ, ಪ್ರತಿ ತಾಕಿನಿಂದ ಒಂದು ಮೀಟರ್ ತನಕ ಪದರವಾರು ಮಣ್ಣು ತೆಗೆದು ಗಾಳಿಯಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿದು, ಪದರಕ್ಕೆ ಅರ್ಧ ಕಿಲೋದಂತೆ ಮುಚ್ಚಿದ ಡಬ್ಬಿಯಲ್ಲಿ ಎತ್ತಿಡಿ. ಚೀಟಿ ಒಳಗೊಂದು ಹೊರಗೊಂದು, ಒಳಗಿನದು ಪೆನ್ಸಿಲ್‌ನಲ್ಲಿ. ಡಿಎನ್‌ಎಗೆ ಬೇಕಾದದ್ದನ್ನು ಒಣಗಿಸದೆ ಬೇರೆಯಾಗಿ ಮೈನಸ್ 80 ಡಿಗ್ರಿಯಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಬ್ರಾಡ್‌ಬಾಕ್ ಪ್ರಯೋಗದ ಹಳೆಯ ಮಣ್ಣು ಹೀಗೆ ಡಬ್ಬಿಯಲ್ಲಿ ಉಳಿದಿದ್ದರಿಂದಲೇ, ಆ ಕಾಲದಲ್ಲಿ ಇಲ್ಲದಿದ್ದ ಎಷ್ಟೋ ಪರೀಕ್ಷೆಗಳನ್ನು ಆಮೇಲಿನವರು ಮಾಡಲು ಸಾಧ್ಯವಾಯಿತು.